ಅಪ್ಪನ ಕನ್ನಡಕ ಮತ್ತು ಎರಡು ಲೆಡ್ಜರು

"ನಿಮ್ಮಪ್ಪ ಕೆಲಸ ಬಿಡ್ತಾರಂತೆ ಮಾರಾಯ..."

ಅಮ್ಮ ಫೋನಿನಲ್ಲಿ ಇಷ್ಟು ಮೆಲ್ಲಗೆ ಮಾತಾಡುತ್ತಿದ್ದಾಳೆ ಅಂದರೆ ಅಪ್ಪ ಅಲ್ಲೇ ಜಗಲಿಯಲ್ಲಿ ಕೂತಿದ್ದಾನೆ ಅಂತ ಅರ್ಥ. ಆಫೀಸಿನ ಮೀಟಿಂಗನ್ನು ಮ್ಯೂಟ್ ಮಾಡಿ ಬಾಲ್ಕನಿಗೆ ಬಂದೆ.

"ಎಂತಕ್ಕೆ? ಇನ್ನೆರಡು ವರ್ಷ ಇದೆಯಲ್ಲ ರಿಟೈರ್ ಆಗೋಕೆ?"

"ನಂಗೆಂತ ಗೊತ್ತು. ಕೇಳಿದ್ರೆ ಸಾಕಾಯ್ತು ಅಂತಾರೆ. ಪತ್ರ ಬರೆದೂ ಇಟ್ಟಿದಾರೆ. ಕತ್ತು ಬೇರೆ ನೋವು, ದಿನಾ ರಾತ್ರಿ ಎಣ್ಣೆ ತಿಕ್ಕಿಸ್ಕೊಳ್ತಾರೆ. ನೀನೊಂದ್ಸಲ ಬಂದು ಹೋಗು."

ಇದು 2025ರ ಮೇ ತಿಂಗಳ ಮಾತು. ಅಪ್ಪ ನಮ್ಮೂರ ಸೊಸೈಟಿಯ ಸೆಕ್ರೆಟರಿ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಕೃಷಿ ಪತ್ತಿನ ಸಹಕಾರ ಸಂಘ. ಬೆಳೆಸಾಲ, ಗೊಬ್ಬರ, ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಹೊಡೆಯುವ ಮೈಲುತುತ್ತ, ತಿಂಗಳಿಗೊಮ್ಮೆ ರೇಷನ್ನು, ಎಲ್ಲವೂ ಒಂದೇ ಸೂರಿನಡಿ. 1993ರಲ್ಲಿ ಅಪ್ಪ ಅಲ್ಲಿ ಸೇರಿದಾಗ ಅವನಿಗೆ ಇಪ್ಪತ್ತಾರು ವರ್ಷ. ಈಗಿನ ನನಗಿಂತ ಎರಡು ವರ್ಷ ಚಿಕ್ಕವನು! ಅಪ್ಪನಿಗೆ ಜಂಭ ಅಂತ ಇರುವುದು ಒಂದೇ ವಿಷಯದಲ್ಲಿ: ಅವನ ಲೆಡ್ಜರಿನಲ್ಲಿ ಚಿತ್ತು ಇರುವುದಿಲ್ಲ. ಆಡಿಟ್‌ಗೆ ಬಂದವರು ಪುಟ ತಿರುಗಿಸುತ್ತಾ ಹೋಗುತ್ತಿದ್ದರೆ ಇವನು ಎದುರಿಗೆ ಕೂತು ಆರಾಮಾಗಿ ಎಲೆ ಅಡಿಕೆ ಹಾಕುತ್ತಿದ್ದನಂತೆ. ಈ ಕತೆಯನ್ನು ನಾನು ನೂರು ಸಲ ಕೇಳಿದ್ದೇನೆ.

ಅಂಥವನ ಮುಂದೆ 2024ರಲ್ಲಿ ಕಂಪ್ಯೂಟರ್ ಬಂತು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವ 2,516 ಕೋಟಿ ರೂಪಾಯಿಯ ಯೋಜನೆಗೆ 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತ್ತಲ್ಲ, ಅದರ ಒಂದು ತುಣುಕು ಎರಡು ವರ್ಷದ ಮೇಲೆ ನಮ್ಮೂರಿನ ಘಟ್ಟದ ರಸ್ತೆ ಹತ್ತಿ ಬಂತು. ಹಳೇ ಲೆಡ್ಜರುಗಳಲ್ಲಿದ್ದ ಪ್ರತಿಯೊಬ್ಬ ಸದಸ್ಯನ ಷೇರು, ಸಾಲ, ಬಾಕಿ ಎಲ್ಲವನ್ನೂ ಅದರೊಳಗೆ ತುಂಬಬೇಕು. ಮಗ ಸಾಫ್ಟ್‌ವೇರ್ ಇಂಜಿನಿಯರು ಅಂದಮೇಲೆ ಕೇಳಬೇಕೇ... ರಜೆ ಹಾಕಿ ಹೋಗಿ ಅಪ್ಪನ ಮೇಜನ್ನು ನಾನೇ ಸಜ್ಜು ಮಾಡಿದೆ. ನಮ್ಮ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಕೂರುವ ಭಂಗಿಯ ಬಗ್ಗೆ ಪಾಠ ಮಾಡ್ತಾರೆ: ಬೆನ್ನು ನೇರ, ಪಾದ ನೆಲಕ್ಕೆ, ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ. ಮಾನಿಟರು ತಗ್ಗಿನಲ್ಲಿತ್ತು. ಕಪಾಟಿನಿಂದ ದಪ್ಪನೆಯ ಎರಡು ಹಳೇ ಲೆಡ್ಜರು ತಂದು ಅದರಡಿ ಇಟ್ಟೆ. ಈಗ ಕರೆಕ್ಟ್ ಅಂದೆ. ಅಪ್ಪ ತಲೆಯಾಡಿಸಿದ.

ಕನ್ನಡಕವೂ ನನ್ನದೇ ಉಪಕಾರ. ಅಪ್ಪನಿಗೆ ನಲವತ್ಮೂರಕ್ಕೇ ಚಾಳೀಸು ಬಂದಿತ್ತು. (ನಲವತ್ತಕ್ಕೆ ಬರುವ ಕಾಯಿಲೆಗೆ ನಲವತ್ತು ಅಂತಲೇ ಹೆಸರಿಟ್ಟವರು ಯಾರೋ, ದೊಡ್ಡ ನಮಸ್ಕಾರ.) ಕಣ್ಣೊಳಗಿನ ಮಸೂರ ವಯಸ್ಸಾಗುತ್ತಾ ಗಟ್ಟಿಯಾಗುತ್ತದೆ, ಹತ್ತಿರದ್ದನ್ನು ನೋಡುವಾಗ ಬೇಕಾದಷ್ಟು ಉಬ್ಬಿಕೊಳ್ಳುವುದಿಲ್ಲ, ಅಷ್ಟೇ ಕತೆ. ಅಪ್ಪ ಬಹಳ ವರ್ಷ ಹಾಕಿದ್ದು ಕೆಳಗಡೆ ಅರ್ಧಚಂದ್ರ ಇರುವ ಬೈಫೋಕಲ್. ಮೇಲಿನಿಂದ ದೂರ, ಚಂದ್ರನಿಂದ ಪೇಪರು. ಆದರೆ ಕಂಪ್ಯೂಟರ್ ದೂರವೂ ಅಲ್ಲ, ಹತ್ತಿರವೂ ಅಲ್ಲ. ಬೆಂಗಳೂರಿಗೆ ಬಂದಿದ್ದಾಗ ಅಂಗಡಿಯೊಂದಕ್ಕೆ ಕರೆದುಕೊಂಡು ಹೋಗಿ ಹದಿನಾಲ್ಕು ಸಾವಿರ ಕೊಟ್ಟು ಪ್ರೋಗ್ರೆಸ್ಸಿವ್ ಕನ್ನಡಕ ಮಾಡಿಸಿದೆ. ಗೆರೆ ಕಾಣದ ಕನ್ನಡಕ, ದೂರ ಹತ್ತಿರ ಮಧ್ಯ ಮೂರೂ ಒಂದರಲ್ಲೇ. ಎರಡು ವಾರ ಅಡ್ಜಸ್ಟ್ ಆಗೋಕೆ ಬೇಕು ಅಂದಿದ್ದರು. ಮೊದಲ ವಾರ ಅಪ್ಪನಿಗೆ ಅಂಗಳದ ಮೆಟ್ಟಿಲು ತೇಲಿದ ಹಾಗೆ ಕಂಡು ಒಮ್ಮೆ ಮುಗ್ಗರಿಸಿದನಂತೆ. ಆಮೇಲೆ ಏನೂ ಹೇಳಲಿಲ್ಲ. ಸರಿಹೋಯಿತು ಅಂದುಕೊಂಡೆ.

ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ಮನೆಗೆ ಹೋದರೆ ಅಪ್ಪ "ಏನ್ ವಿಶೇಷ, ಹೇಳ್ದೆ ಕೇಳ್ದೆ ಬಂದ್ಯಲ್ಲ" ಅಂದವನು ಕೊಟ್ಟೆಕಡುಬು ತಿಂದು ಸೊಸೈಟಿಗೆ ಹೊರಟೇಬಿಟ್ಟ. ನಿಜವಾದ ವಿಷಯ ತಿಳಿದದ್ದು ಅಮ್ಮನಿಂದ. ಕೆಳಗಿನ ಕೇರಿಯ ಒಬ್ಬರ ಸಾಲದ ಬಾಕಿ ಮೂವತ್ತೆಂಟು ಸಾವಿರ ಇದ್ದದ್ದು ಕಂಪ್ಯೂಟರಿನಲ್ಲಿ ಎಂಬತ್ತೆಂಟು ಸಾವಿರ ಆಗಿದೆ. ಮೂರು ಎಂಟಾಗಿದೆ! ಅವರು ಚೀಟಿ ಹಿಡಿದುಕೊಂಡು ಗೊಬ್ಬರಕ್ಕೆ ನಿಂತಿದ್ದ ಸಾಲಿನ ಎದುರಿಗೇ "ಸೆಕ್ರೆಟ್ರಿಗಳೇ, ಐವತ್ತು ಸಾವಿರ ನಾನು ಯಾವಾಗ ತಗೊಂಡೆ?" ಅಂತ ಕೇಳಿದ್ದಾರೆ. ಜಗಳ ಇಲ್ಲ, ಗಲಾಟೆ ಇಲ್ಲ. ಲೆಡ್ಜರು ನೋಡಿ ಸರಿಮಾಡಿ ಕೊಟ್ಟದ್ದಾಗಿದೆ. ಆದರೆ ಸಾಲಿನಲ್ಲಿ ಯಾರೋ "ವಯಸ್ಸಾಯ್ತಲ್ಲ ಪಾಪ" ಅಂದರಂತೆ. ಅಪ್ಪ ಅವತ್ತು ರಾತ್ರಿ ಊಟ ಮಾಡಲಿಲ್ಲವಂತೆ.

ಹನ್ನೊಂದು ಗಂಟೆಗೆ ನಾನೂ ಸೊಸೈಟಿಗೆ ಹೋದೆ. ಒಳಗೆ ಹೋಗದೆ ಹೊರಗಿನ ಬೆಂಚಿನ ಮೇಲೆ ಕೂತೆ. ಗೊಬ್ಬರದ ವಾಸನೆ, ಫ್ಯಾನಿನ ಟಕಟಕ. ಕೌಂಟರಿನ ಸರಳುಗಳ ಆಚೆ ಅಪ್ಪ ಕಾಣುತ್ತಿದ್ದ. ಚೊಂಬಿನಿಂದ ನೀರನ್ನು ಎತ್ತಿ ಕುಡಿಯುವಾಗ ತಲೆ ಹಿಂದೆ ಹಾಕ್ತೀವಲ್ಲ, ಹಾಗೆ ತಲೆ ಹಿಂದೆ ಹಾಕಿ, ಗಲ್ಲ ಮೇಲೆತ್ತಿ ಸ್ಕ್ರೀನ್ ನೋಡುತ್ತಿದ್ದ. ಒಂದು ಸಂಖ್ಯೆ ಹೊಡೆದು ತಲೆ ಬಗ್ಗಿಸಿ ಲೆಡ್ಜರು ನೋಡುವುದು, ಮತ್ತೆ ತಲೆ ಹಿಂದಕ್ಕೆ. ಸ್ವಲ್ಪ ಹೊತ್ತಿಗೆ ಸುಸ್ತಾಯಿತೋ ಏನೋ, ಎಡಗೈಯಲ್ಲಿ ಕನ್ನಡಕದ ಫ್ರೇಮನ್ನು ಹುಬ್ಬಿನವರೆಗೆ ಎತ್ತಿ ಹಿಡಿದುಕೊಂಡು ಬಲಗೈಯ ಒಂದೇ ಬೆರಳಲ್ಲಿ ಟೈಪ್ ಮಾಡತೊಡಗಿದ. ನಾನು ಎಣಿಸಿದೆ. ಐದು ನಿಮಿಷದಲ್ಲಿ ಇಪ್ಪತ್ಮೂರು ಸಲ ತಲೆ ಮೇಲೆ ಕೆಳಗೆ. ಇಂಥದ್ದನ್ನು ದಿನಕ್ಕೆ ಆರು ಗಂಟೆ, ತಿಂಗಳುಗಟ್ಟಲೆ... ಕತ್ತಿಗೆ ಯಾವ ಎಣ್ಣೆ ತಿಕ್ಕಿದರೆ ತಾನೇ ಏನಾದೀತು?

ಒಳಗೆ ಹೋದೆ.

"ಅಪ್ಪ, ಕನ್ನಡಕ ಎಂತಕ್ಕೆ ಎತ್ತಿ ಹಿಡ್ಕೊಂಡಿದೀಯ?"

"ಹೀಗೆ ಹಿಡಿದ್ರೆ ಸರೀ ಕಾಣ್ತದೆ."

"ಯಾವಾಗಿಂದ ಹೀಗೆ?"

"ಮೊದಲಿಂದ."

"ಹೇಳಬಾರದಿತ್ತಾ?"

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡ. "ಅಷ್ಟು ದುಡ್ಡು ಕೊಟ್ಟು ಮಾಡಿಸಿದ್ದು ನೀನು. ಇದನ್ನ ಇಷ್ಟೆತ್ತರ ಇಟ್ಟು ಹೋದವನೂ ನೀನೇ. ಅದಕ್ಕೆಂತದೋ ಲೆಕ್ಕ ಇರ್ತದೆ ಅಂತ ನಾನು ಮುಟ್ಟಲಿಲ್ಲ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಲೆಕ್ಕ ಇತ್ತು, ನಿಜ. ಆದರೆ ಅದು ನನ್ನ ಕಣ್ಣಿನ ಲೆಕ್ಕ. ನಿಮ್ಮಲ್ಲೂ ಎಷ್ಟೋ ಜನ ನನ್ನ ಹಾಗೆ ಸೋಡಾಬುಡ್ಡಿಗಳೇ ಇರುತ್ತೀರಿ. ನಮ್ಮ ಕನ್ನಡಕಕ್ಕೆ ಮೇಲಿನಿಂದ ಕೆಳಗಿನವರೆಗೂ ಒಂದೇ ನಂಬರು. ಸ್ಕ್ರೀನು ಎಲ್ಲಿದ್ದರೂ ಕಣ್ಣು ಹೊಂದಿಸಿಕೊಳ್ಳುತ್ತದೆ. ಪ್ರೋಗ್ರೆಸ್ಸಿವ್‌ನಲ್ಲಿ ಹಾಗಲ್ಲ. ಮೇಲ್ಭಾಗ ದೂರಕ್ಕೆ, ತೀರಾ ಕೆಳಭಾಗ ಓದೋಕೆ. ಇವೆರಡರ ನಡುವೆ ನಂಬರು ನಿಧಾನಕ್ಕೆ ಏರುತ್ತಾ ಹೋಗುವ ಒಂದು ಕಿರಿದಾದ ಓಣಿ ಇದೆ. ಕಂಪ್ಯೂಟರಿನ ದೂರಕ್ಕೆ ಹೊಂದುವ ಜಾಗ ಆ ಓಣಿಯೊಳಗೆ ಎಲ್ಲೋ ಒಂದು ಕಡೆ. ಓಣಿಯ ಎರಡೂ ಪಕ್ಕ ಮಸುಕು. ಅದು ಕಳಪೆ ಮಾಲಿನಿಂದಲ್ಲ. ಮಿಂಕ್ವಿಟ್ಜ್ ಅನ್ನುವವರು 1963ರಲ್ಲೇ ಗಣಿತದಿಂದ ತೋರಿಸಿದ್ದಾರೆ: ಓಣಿಯುದ್ದಕ್ಕೂ ನಂಬರು ಯಾವ ವೇಗದಲ್ಲಿ ಏರುತ್ತದೋ, ಪಕ್ಕಕ್ಕೆ ಸರಿದಂತೆ ಅದರ ಎರಡರಷ್ಟು ವೇಗದಲ್ಲಿ ದೃಷ್ಟಿ ಕೆಡುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುವ ಕಂಬಳಿ! ಬರ್ನಾರ್ಡ್ ಮೇತನಾಜ್ ಎಂಬ ಫ್ರೆಂಚ್ ಇಂಜಿನಿಯರ್ ರೂಪಿಸಿದ ವ್ಯಾರಿಲಕ್ಸ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಆಗ ಯಾವ ಗುಮಾಸ್ತನ ಮೇಜಿನ ಮೇಲೆ ಸ್ಕ್ರೀನು ಇತ್ತು ಹೇಳಿ? ದೂರದ್ದು ಮೇಲೆ, ಓದುವುದು ಕೆಳಗೆ, ಲೋಕ ಇದ್ದದ್ದೇ ಹಾಗೆ.

ಈಗ ನಾನು ಮಾಡಿದ ಘನಕಾರ್ಯ ನೋಡಿ. ಹತ್ತಿರದ ವಸ್ತುವೊಂದನ್ನು ಅರ್ಧ ಅಡಿ ಮೇಲೆತ್ತಿ, ದೂರ ನೋಡುವ ಗಾಜಿನ ಎದುರಿಗೆ ಇಟ್ಟಿದ್ದೇನೆ. ಓಣಿಯೊಳಗೆ ಕಣ್ಣು ಇಳಿಸಬೇಕಾದರೆ ಪಾಪ, ಅಪ್ಪ ಗಲ್ಲ ಎತ್ತಲೇಬೇಕು. ಇಲ್ಲವೇ ಕನ್ನಡಕವನ್ನೇ ಎತ್ತಬೇಕು. ಎರಡನ್ನೂ ಮಾಡುತ್ತಾ ಅವನು ಏಳುನೂರು ಚಿಲ್ಲರೆ ಸದಸ್ಯರ ಲೆಕ್ಕ ತುಂಬಿದ್ದ. ಅದರಲ್ಲಿ ಸಿಕ್ಕಿದ ತಪ್ಪು ಒಂದು.

ಮಾನಿಟರನ್ನು ಅಪ್ಪ ಹಿಡಿದುಕೊಂಡ, ನಾನು ಲೆಡ್ಜರುಗಳನ್ನು ಎಳೆದೆ. 1996-97 ಮತ್ತು 1998-99. ಸ್ಕ್ರೀನು ಮೇಜಿಗೆ ಇಳಿಯಿತು. ಅದನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದೆ, ಪುಸ್ತಕ ಹಿಡಿದ ಹಾಗೆ. ವಾಲಿಸಿದ ಕೂಡಲೇ ಹಿಂದಿನ ಕಿಟಕಿಯ ಬೆಳಕು ಪೂರ್ತಿ ಅದರಲ್ಲಿ ಹೊಳೆಯತೊಡಗಿತು. ಗೊಬ್ಬರದ ಖಾಲಿ ಚೀಲವೊಂದನ್ನು ಕಿಟಕಿಗೆ ಕಟ್ಟಿದ್ದಾಯಿತು. ಅಕ್ಷರದ ಗಾತ್ರ ದೊಡ್ಡದು ಮಾಡಿದೆ. ಎಡಕ್ಕೆ ದೂರದಲ್ಲಿ ಮಲಗಿಸಿಟ್ಟಿದ್ದ ಲೆಡ್ಜರನ್ನು ಕೀಬೋರ್ಡಿನ ಪಕ್ಕಕ್ಕೇ ತಂದು ಇಳಿಜಾರಾಗಿ ಒರಗಿಸಿದೆ. ಪ್ರೋಗ್ರೆಸ್ಸಿವ್‌ನಲ್ಲಿ ಓರೆಗಣ್ಣಿನ ನೋಟ ನಡೆಯುವುದಿಲ್ಲ, ಮೂಗು ತಿರುಗಿದ ಕಡೆಗೇ ಕಣ್ಣು.

ಅಪ್ಪ ಕೂತ. ಗಲ್ಲ ಎತ್ತಲಿಲ್ಲ. ಒಂದು ಖಾತೆ ತೆರೆದ, ಇನ್ನೊಂದು ತೆರೆದ.

"ಮೂರು ಮೂರೇ ಕಾಣ್ತದೆ" ಅಂದ.

ಅಲ್ಲಿಗೇ ಮುಗಿಯಿತು ಅಂದರೆ ಸುಳ್ಳಾಗುತ್ತದೆ. ದಿನವಿಡೀ ಆ ಓಣಿಯಲ್ಲಿ ಇಣುಕುವುದು ಈ ಕನ್ನಡಕದಲ್ಲಿ ಕಷ್ಟವೇ. ಸೋಮವಾರ ರಜೆ ಹಾಕಿ ಅಪ್ಪನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕಣ್ಣು ಪರೀಕ್ಷೆ ಮಾಡಿದ ಹುಡುಗಿ ಮೊದಲು ಕೇಳಿದ್ದೇ "ಕಂಪ್ಯೂಟರ್ ಎಷ್ಟು ದೂರದಲ್ಲಿ ಇಡ್ತೀರಿ ಸಾರ್?" ಅಂತ. ಬೆಂಗಳೂರಿನ ಅಂಗಡಿಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಬಿಡಿ. ಅಪ್ಪ ಮೊಣಕೈ ಚಾಚಿ ಗಾಳಿಯಲ್ಲೇ ಅಳೆದು "ಒಂದೂವರೆ ಮೊಳಕ್ಕೆ ಸ್ವಲ್ಪ ಕಮ್ಮಿ" ಅಂದ. ಆ ಹುಡುಗಿ ನಗಲಿಲ್ಲ. ಅದೇ ಕೈಯನ್ನು ಹಾಗೇ ಹಿಡಿಯಲು ಹೇಳಿ ಟೇಪಿನಲ್ಲಿ ಅಳೆದಳು, 62 ಸೆಂಟಿಮೀಟರ್. ನೂರನ್ನು 62ರಿಂದ ಭಾಗಿಸಿದರೆ ಸುಮಾರು 1.6. ಅಪ್ಪನಿಗೆ ದೂರದ ನಂಬರು ಇಲ್ಲವೆನ್ನುವಷ್ಟು ಕಮ್ಮಿ, ಓದೋಕೆ ಎರಡೂಕಾಲು. ಪೇಪರನ್ನು 40 ಸೆಂಟಿಮೀಟರಿನಲ್ಲಿ ಹಿಡಿಯುವುದಕ್ಕೆ ಅದು ಸರಿ, ಸ್ಕ್ರೀನಿಗೆ ಹೆಚ್ಚು. ಒಂದೂವರೆ ನಂಬರಿನ ಸಾದಾ ಕನ್ನಡಕ ಸಾಕು, ಕಂಪ್ಯೂಟರಿನ ಮುಂದೆ ಮಾತ್ರ, ಅಂದಳು. ಫ್ರೇಮೂ ಸೇರಿ ಸಾವಿರದ ಇನ್ನೂರು ರೂಪಾಯಿ. ಹದಿನಾಲ್ಕು ಸಾವಿರದ್ದರ ಬಗ್ಗೆ ಅಪ್ಪ ಏನೂ ಅನ್ನಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ನನಗೊಂದು ಮಸಾಲೆ ದೋಸೆ ಕೊಡಿಸಿದ. ಅದರರ್ಥ ಏನು ಅಂತ ನಾನು ಕೇಳಲಿಲ್ಲ.

ಹೊಸ ಕನ್ನಡಕದಲ್ಲೂ ರಗಳೆ ಇದೆ. ಅದನ್ನು ಹಾಕಿಕೊಂಡೇ ಎದ್ದು ಹೊರಗೆ ಬಂದರೆ ರಸ್ತೆಯಾಚೆ ನಿಂತವರ ಮುಖ ಗುರುತು ಹತ್ತುವುದಿಲ್ಲ. ಒಂದು ದಿನ ಸಂಘದ ಅಧ್ಯಕ್ಷರು ಕೈಯೆತ್ತಿದರೂ ಇವನು ಮಾತಾಡಿಸದೆ ಒಳಗೆ ಹೋದನಂತೆ. ಈಗ ಅಮ್ಮ ಎರಡಕ್ಕೂ ದಾರ ಕಟ್ಟಿ ಕೊಟ್ಟಿದ್ದಾಳೆ. ಎದೆಯ ಮೇಲೆ ಒಂದು, ಮೂಗಿನ ಮೇಲೆ ಒಂದು. ಕತ್ತಿನ ನೋವು ಪೂರ್ತಿ ಹೋಗಿಲ್ಲ, ಎಣ್ಣೆ ಮಾತ್ರ ವಾರಕ್ಕೊಮ್ಮೆಗೆ ಇಳಿದಿದೆ.

ಅವತ್ತು ಸಂಜೆ ಬೆಂಗಳೂರಿಗೆ ಹೊರಡುವ ಮುಂಚೆ ಸೊಸೈಟಿಗೆ ಹೋಗಿ ಹೇಳಿ ಬರೋಣ ಅಂತ ಹೋದೆ. ಅಪ್ಪ ನಾನು ಎಳೆದು ತೆಗೆದಿದ್ದ 1996-97ರ ಲೆಡ್ಜರಿನ ಧೂಳು ಒರೆಸಿ, ಬಿಡಿಸಿಕೊಂಡು ಕೂತಿದ್ದ. ನೀಲಿ ಶಾಯಿ, ಸಾಲು ತಪ್ಪದ ಸಂಖ್ಯೆಗಳು. ಅವನ ಮೂರಿಗೆ ತಲೆಯ ಮೇಲೆ ಗೀಟು, ಎಂಟಿಗೆ ದುಂಡು ಹೊಟ್ಟೆ. ಒಂದಕ್ಕೊಂದು ಎಂದೂ ಹೋಲುವಂತಿರಲಿಲ್ಲ. ಮೇಜಿನ ಇನ್ನೊಂದು ಬದಿಯಲ್ಲಿ ಮಳೆಗಾಲದ ಮೈಲುತುತ್ತಕ್ಕೆ ಎಷ್ಟು ಚೀಲ ತರಿಸಬೇಕು ಅಂತ ಒಂದು ಹಾಳೆಯಲ್ಲಿ ಕಚ್ಚಾ ಲೆಕ್ಕ ಹಾಕಿಟ್ಟಿದ್ದ. ಫ್ಯಾನಿನ ಗಾಳಿಗೆ ಹಾಳೆ ಮಗುಚಿತು. ಹಿಂಬದಿಯಲ್ಲಿ ಅದೇ ಚಂದದ ಕೈಬರಹದಲ್ಲಿ "ಇವರಿಗೆ, ಅಧ್ಯಕ್ಷರು..." ಅಂತ ಶುರುವಾಗಿ, "ವಯೋಸಹಜ ದೃಷ್ಟಿದೋಷದ ಕಾರಣ" ಅಂತ ಮುಂದುವರಿದಿತ್ತು.

ಅಪ್ಪ ಹಾಳೆಯನ್ನು ಮತ್ತೆ ಮಗುಚಿ, ಮೇಲೊಂದು ತೂಕದ ಬಟ್ಟು ಇಟ್ಟ.

"ಬಸ್ಸು ಎಷ್ಟೊತ್ತಿಗೆ ನಿಂಗೆ?" ಅಂದ.