ಅಮ್ಮನ ಬೀದಿ

ನನ್ನ ತಾಯಿಗೆ ಈಗ 81 ವರ್ಷ. ಬೆಂಗಳೂರಿನ ಹಳೆಯ ಬಡಾವಣೆಯೊಂದರ ಪುಟ್ಟ ಮನೆಯಲ್ಲಿ ಅವರು 42 ವರ್ಷಗಳಿಂದ ವಾಸವಾಗಿದ್ದಾರೆ. ತಂದೆಯವರು ತೀರಿಕೊಂಡ ಬಳಿಕ ನಮ್ಮೊಂದಿಗೆ ಬಂದಿರಬೇಕೆಂದು ಮಕ್ಕಳಾದ ನಾವು ಎಷ್ಟು ಒತ್ತಾಯಿಸಿದರೂ ಅವರು ಒಪ್ಪಲಿಲ್ಲ. ಬೆಳಗಿನ ಪೂಜೆಗೆ ಜೊತೆಯಾಗುವ ಗೆಳತಿಯರು, ಹೆಸರು ಹಿಡಿದು ಮಾತನಾಡಿಸುವ ಹೂವಿನಾಕೆ, ಬಾಕಿ ಬರೆದುಕೊಳ್ಳುವ ಅಂಗಡಿಯವರು, ಇವರೆಲ್ಲರನ್ನೂ ಬಿಟ್ಟು ಬರುವುದು ಅವರಿಗೆ ಬೇಡವಾಗಿತ್ತು.

2022ರ ಮಳೆಗಾಲದಲ್ಲಿ ಪಾದಚಾರಿ ಮಾರ್ಗದಿಂದ ರಸ್ತೆಗೆ ಇಳಿಯುವಾಗ ಅವರು ಬಿದ್ದರು. ಮುರಿದ ಮಣಿಕಟ್ಟು ಕೆಲವು ವಾರಗಳಲ್ಲಿ ಕೂಡಿಕೊಂಡಿತು. ಕುಗ್ಗಿದ ಧೈರ್ಯ ಮಾತ್ರ ಮರಳಲಿಲ್ಲ. "ಇನ್ನು ನೀವು ಹೊರಗೆ ಹೋಗಲೇಬೇಡಿ. ಬೇಕಾದುದನ್ನೆಲ್ಲ ನಾನೇ ತಂದುಕೊಡುತ್ತೇನೆ" ಎಂದೆ. ಪ್ರೀತಿಯಿಂದಲೇ ಹೇಳಿದ್ದೆ. ಅವರು ಕಿಟಕಿಯತ್ತ ನೋಡುತ್ತಾ, "ತರಕಾರಿ ತರುತ್ತೀಯೆ ಮಗನೇ, ನಾಲ್ಕು ಜನರ ಮಾತನ್ನೂ ತರಲಾದೀತೇ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಅಳತೆಯ ಪಟ್ಟಿ ಹಿಡಿದು ಅವರು ಬಿದ್ದ ಸ್ಥಳಕ್ಕೆ ಹೋದೆ. ಅಲ್ಲಿನ ಅಂಚು 34 ಸೆಂಟಿಮೀಟರ್ ಎತ್ತರವಿತ್ತು. ಅದು 15 ಸೆಂಟಿಮೀಟರ್ ಮೀರಬಾರದು, ನಡೆಯಲು ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಬೀದಿಯಲ್ಲಿಯೋ ದ್ವಿಚಕ್ರ ವಾಹನಗಳೂ ಸುರಿದ ಜಲ್ಲಿಯೂ ಆ ಅಗಲವನ್ನು ನುಂಗಿದ್ದವು. ಆ ವಾಹನಗಳಲ್ಲಿ ನನ್ನದೂ ಒಂದು! ಅಮ್ಮನ ಕಾಲುಗಳ ದೌರ್ಬಲ್ಯವೆಂದು ನಾವು ಭಾವಿಸಿದ್ದರಲ್ಲಿ ಬೀದಿಯ ದೋಷವೇ ಹೆಚ್ಚಾಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಹಿರಿಯ ಸ್ನೇಹಿ ನಗರಗಳ ಕುರಿತು ಕೈಪಿಡಿಯೊಂದನ್ನು ಹೊರತಂದಿತು. ನವದೆಹಲಿ, ಉದಯಪುರ ಸೇರಿದಂತೆ 33 ನಗರಗಳ ಸಹಯೋಗದಲ್ಲಿ, ಹಿರಿಯರನ್ನೇ ಕೇಳಿ ಅದನ್ನು ಸಿದ್ಧಪಡಿಸಲಾಯಿತು. ಅವರ ಬೇಡಿಕೆಗಳೇನೂ ದೊಡ್ಡವಲ್ಲ: ಸಮತಟ್ಟಾದ ಕಾಲುದಾರಿ, ದಣಿದಾಗ ಕೂರಲು ಆಸನ, ಶುಚಿಯಾದ ಶೌಚಾಲಯ, ರಸ್ತೆ ದಾಟಲು ಸಾಕಷ್ಟು ಸಮಯ. ಸಿಂಗಪುರದಲ್ಲಿ 2009ರಿಂದ ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ಹಸಿರು ದೀಪ ಇನ್ನೂ ಕೆಲವು ಸೆಕೆಂಡು ಉರಿಯುತ್ತದೆ. ಆ ಕೆಲವು ಸೆಕೆಂಡುಗಳಿಗಾಗಿ ಒಂದು ನಗರ ಕಾಯಬಲ್ಲದಾದರೆ, ನಾವೇಕೆ ಕಾಯಲಾರೆವು?

ಸಂಬಂಧಪಟ್ಟ ಕಚೇರಿಗೆ ಕೊಟ್ಟ ಅರ್ಜಿಗೆ ಇಂದಿಗೂ ಉತ್ತರ ಬಂದಿಲ್ಲ. ಆದರೆ ಬೀದಿಯ ಏಳು ಮನೆಗಳವರು ಒಂದು ಭಾನುವಾರ ಕಲೆತು ಮಾತನಾಡಿದೆವು. ವಾಹನಗಳು ಗೇಟಿನೊಳಗೆ ಸರಿದವು, ಜಲ್ಲಿ ತೆರವಾಯಿತು. ಎದುರುಮನೆಯವರು ತಮ್ಮ ಹೊಂಗೆ ಮರದಡಿ, ಕಾಂಪೌಂಡಿನ ಒಳಗಿದ್ದ ಕಲ್ಲುಬೆಂಚನ್ನು ಹೊರಮುಖವಾಗಿ ಇರಿಸಿ ಬೇಲಿಯನ್ನು ಅಷ್ಟು ಹಿಂದಕ್ಕೆ ಸರಿಸಿದರು.

ಪ್ರಿಯ ಓದುಗರೇ, ಮುಂದಿನ ಭಾನುವಾರ ನಿಮ್ಮ ಮನೆಯ ಹಿರಿಯರ ಕೈಹಿಡಿದು, ಅವರದೇ ವೇಗದಲ್ಲಿ ದೇವಾಲಯದವರೆಗೆ ನಡೆದು ನೋಡಿ. ಎಲ್ಲಿ ಅವರ ಹಿಡಿತ ಬಿಗಿಯಾಗುತ್ತದೆಯೋ ಅಲ್ಲಿ ದುರಸ್ತಿಯಾಗಬೇಕಾದುದು ಏನೋ ಇದೆ.

ನಮ್ಮ ದೇವಾಲಯದ ಐದು ಮೆಟ್ಟಿಲುಗಳಿಗೆ ಇನ್ನೂ ಹಿಡಿಗಂಬಿಯಿಲ್ಲ. ಅಮ್ಮ ಅಷ್ಟು ದೂರ ಹೋಗುವುದೂ ಇಲ್ಲ. ಸಂಜೆ ಕಲ್ಲುಬೆಂಚಿನವರೆಗೆ ಹೋಗುತ್ತಾರೆ. ಹೂವಿನಾಕೆ ಬುಟ್ಟಿ ಇಳಿಸಿ ಅವರ ಪಕ್ಕ ಕೂರುತ್ತಾಳೆ. ಕತ್ತಲಾಗುತ್ತಿದೆ, ಒಳಗೆ ಬನ್ನಿ ಎಂದು ನಾನೀಗ ಅವಸರಪಡಿಸುವುದಿಲ್ಲ.