ಹೇಳದೆ ಉಳಿದ ಅರ್ಧ ಪಾಠ

ದೇವನಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದಾಗ, ಹಿಡಿ ಮಣ್ಣನ್ನು ಮೇಜಿನ ಮೇಲಿಟ್ಟು, "ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೋಮೈಸಿನ್ 1943ರಲ್ಲಿ ದೊರೆತದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದ" ಎನ್ನುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಪಾಠದ ಉತ್ತರಾರ್ಧವನ್ನು ನಾನು ಹೇಳಿರಲಿಲ್ಲ.

ಮದ್ದನ್ನು ತಯಾರಿಸುವ ಬ್ಯಾಕ್ಟೀರಿಯಾ, ಅದರಿಂದ ತಾನೇ ಸಾಯದಂತೆ ಕಾಯುವ ವಂಶವಾಹಿಯನ್ನೂ ಹೊಂದಿರುತ್ತದೆ. ಕೆನಡಾದ ಯೂಕಾನ್ ಪ್ರದೇಶದ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಮದ್ದನ್ನು ಎದುರಿಸುವ ವಂಶವಾಹಿಗಳಿದ್ದುದು 2011ರಲ್ಲಿ ಪ್ರಕಟವಾಯಿತು. ಅವು ಪ್ರಾಚೀನ, ಹೆಚ್ಚಿಸುತ್ತಿರುವವರು ನಾವು. ಕೋಳಿಗೆ ಕೊಟ್ಟ ಆಂಟಿಬಯೋಟಿಕ್ಕಿನ ಒಂದು ಪಾಲು ಹಿಕ್ಕೆಯ ಮೂಲಕ ಗೊಬ್ಬರವಾಗಿ ತೋಟ ಸೇರುತ್ತದೆ. ಅಲ್ಲಿ ಮದ್ದಿಗೆ ಬಗ್ಗದವು ಬದುಕಿ, ಆ ವಂಶವಾಹಿಯನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಮದ್ದನ್ನು ಕೋಳಿ ಮುಂತಾದ ಆಹಾರಪ್ರಾಣಿಗಳಿಗಾಗಿ ಮಾರುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಭಯದಿಂದಲೇ.

ಶಾಲೆಯ ಕೈತೋಟಕ್ಕೆ ನಾನೇ ನಿಮ್ಮಿಂದ ಹಸಿ ಕೋಳಿಗೊಬ್ಬರ ಹಾಕಿಸಿದ್ದೇನೆ. ಜ್ವರ ಬಿಟ್ಟೊಡನೆ ಉಳಿದ ಮಾತ್ರೆಗಳನ್ನು ಹಿತ್ತಿಲ ತಿಪ್ಪೆಗೆ ಎಸೆದಿದ್ದೇನೆ. ಕಳೆದ ವರ್ಷ ಮೂತ್ರದ ಸೋಂಕಿಗೆ ಎರಡು ಮದ್ದುಗಳು ನಾಟಲಿಲ್ಲ. ಪರೀಕ್ಷೆಯ ವರದಿಯಲ್ಲಿ ಮದ್ದುಗಳ ಹೆಸರಿನ ಮುಂದೆ ಸಾಲಾಗಿ 'ಆರ್' ಎಂದಿತ್ತು, ಬಗ್ಗುವುದಿಲ್ಲ ಎಂದರ್ಥ. ಮೂರನೆಯ ಮದ್ದು ಉಳಿಸಿತು. ನನ್ನ ತಿಪ್ಪೆಯೇ ಕಾರಣವೆನ್ನಲಾರೆ, ನಿರಪರಾಧಿಯೆಂದೂ ಹೇಳಿಕೊಳ್ಳಲಾರೆ.

ಊರಲ್ಲಿ ದ್ರಾಕ್ಷಿ ಬೆಳೆಯುತ್ತಿರುವ ನನ್ನ ವಿದ್ಯಾರ್ಥಿಗಳೇ, ಕೋಳಿಗೊಬ್ಬರವನ್ನು ಬಿಸಿಯೇರುವಂತೆ ರಾಶಿಹಾಕಿ, ಚೆನ್ನಾಗಿ ಕೊಳೆಸಿಯೇ ಹಾಕಿರಿ. ಎಲ್ಲ ಅಪಾಯವೂ ಅಳಿಯದಿದ್ದರೂ ಬಹಳಷ್ಟು ರೋಗಾಣುಗಳು ಆ ಬಿಸಿಗೆ ಸಾಯುತ್ತವೆ. ವೈದ್ಯರು ಹೇಳದೆ ಮಾತ್ರೆ ತೆಗೆದುಕೊಳ್ಳಬೇಡಿರಿ, ನಿಲ್ಲಿಸಲೂಬೇಡಿರಿ. ತಡವಾದ ಪಾಠಕ್ಕೆ ನಿಮ್ಮ ಮೇಷ್ಟರನ್ನು ಕ್ಷಮಿಸಿರಿ.