ಬೇಗಂ ಬಜಾರಿನ ಮುದಿ ಗಾಡಿಗಳು

ಊರಿನಿಂದ ನೆಂಟರು ಬಂದರೆ ಹೈದರಾಬಾದಿನ ಕನ್ನಡಿಗರು ಅವರನ್ನು ಚಾರ್‌ಮಿನಾರಿಗೆ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಕ್ಕೆ, ಕಾಲಿನಲ್ಲಿ ಶಕ್ತಿಯಿದ್ದರೆ ಗೋಲ್ಕೊಂಡದ ಕೋಟೆಗೆ ಕರೆದೊಯ್ಯುವುದು ವಾಡಿಕೆ. ಬೇಗಂ ಬಜಾರನ್ನು ತೋರಿಸುವವರು ವಿರಳ. ಅಲ್ಲಿ ನೋಡುವಂಥದು ಏನಿದೆ ಎಂದು ವಾಚಕರು ಕೇಳಬಹುದು. ನಮ್ಮ ಅಡಿಗೆಮನೆಯ ಬೇಳೆ, ಒಣಮೆಣಸಿನಕಾಯಿ, ಗೋಡಂಬಿ, ಮದುವೆಗೆ ಕೊಂಡ ಹಿತ್ತಾಳೆಯ ಕೊಡ, ಇವುಗಳಲ್ಲಿ ಎಷ್ಟೋ ಆ ಓಣಿಗಳನ್ನು ಹಾಯ್ದೇ ಬಂದಿರುತ್ತವೆ. ಅವನ್ನು ಹೊತ್ತು ತರುವ ಗಾಡಿಗಳನ್ನು ನೋಡಿದರೆ ಸಾಕು, ಹೋದ ಶ್ರಮ ಸಾರ್ಥಕ.

ಅಫ್ಜಲ್‌ಗಂಜಿನಲ್ಲಿ ಬಸ್ಸಿಳಿದು ಉಸ್ಮಾನಗಂಜಿನ ಕಡೆ ಕಾಲು ಹಾಕಿದರೆ ಮೊದಲು ಮೂಗಿಗೆ ಬಡಿಯುವುದು ಮೆಣಸಿನ ಘಾಟು. ಅದರ ಬೆನ್ನಿಗೇ ಡೀಸೆಲ್ ಹೊಗೆ. ಎರಡರಲ್ಲಿ ಯಾವುದಕ್ಕೆ ಸೀನು ಬಂತೆಂದು ಹೇಳುವುದು ಕಷ್ಟ. ಮೂಸಿ ನದಿಯ ದಂಡೆಯ ಮೇಲೆ ಉಸ್ಮಾನಿಯಾ ಆಸ್ಪತ್ರೆ ನಿಂತಿದೆ. ಕೆಮ್ಮು ಕೊಡುವ ಬಜಾರು, ಕೆಮ್ಮಿಗೆ ಮದ್ದು ಕೊಡುವ ಆಸ್ಪತ್ರೆ ಎರಡೂ ಕೂಗಳತೆಯಲ್ಲಿವೆ.

ಈ ಬಜಾರಿಗೂ ನಮ್ಮ ಕಡೆಯವರಿಗೂ ನಂಟು ಹಳೆಯದು. 1956ರ ನವೆಂಬರ್ 1ರವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯಕ್ಕೆ ಸೇರಿದ್ದವಷ್ಟೆ. ರಾಜ್ಯ ಬೇರೆಯಾಯಿತು, ವ್ಯಾಪಾರ ಬೇರೆಯಾಗಲಿಲ್ಲ. ಇಂದಿಗೂ ಬೀದರಿನ ಲಾರಿ ಜಹೀರಾಬಾದು, ಸಂಗಾರೆಡ್ಡಿ, ಪಟಾನ್‌ಚೆರುವಿನ ಮೇಲೆ ಸುಮಾರು 140 ಕಿಲೋಮೀಟರು ಬಂದು ನಗರದ ಅಂಚಿನಲ್ಲಿ ನಿಲ್ಲುತ್ತದೆ. ಹಗಲಿನಲ್ಲಿ ದೊಡ್ಡ ಲಾರಿಗಳಿಗೆ ಊರೊಳಗೆ ತಡೆಯುಂಟು. ಆಗ ಚೀಲಗಳು ಇಳಿದು ಸಣ್ಣ ಗಾಡಿಗಳನ್ನು ಏರುತ್ತವೆ. ಆ ಸಣ್ಣ ಗಾಡಿಗಳೇ ನಮ್ಮ ಕಥಾನಾಯಕರು.

ಇವುಗಳಲ್ಲಿ ಪ್ರಸಿದ್ಧವಾದುದು ಟಾಟಾ ಏಸ್. 2005ರಲ್ಲಿ ಹುಟ್ಟಿದ ಈ ಗಾಡಿಗೆ ಜನ 'ಛೋಟಾ ಹಾಥಿ' ಎಂದು ಹೆಸರಿಟ್ಟರು. ಪುಟ್ಟ ಆನೆ ಓಣಿಗಳಲ್ಲಿ ನುಸುಳಿ, ತನ್ನ ಯೋಗ್ಯತೆಗೆ ಮೀರಿ ಹೊತ್ತು, ಎಷ್ಟೋ ಸಂಸಾರಗಳನ್ನು ಸಾಕಿತು. ಮೊದಲ ತಂಡದ ಆನೆಗಳಿಗೆ ಈಗ 20 ವರ್ಷ ತುಂಬಿದೆ. ತೆಲಂಗಾಣದ ಸರಕಾರಿ ನೌಕರನಿಗೆ 61ಕ್ಕೆ ನಿವೃತ್ತಿ. ಗಾಡಿಗೆ 15ಕ್ಕೇ ಕೂದಲು ನರೆಯಿತೆಂದು ಲೆಕ್ಕ. ಪಿಂಚಣಿಯಂತೂ ಇಲ್ಲ, ಬದಲಿಗೆ ಅದೇ ಹಣ ಕಟ್ಟಬೇಕು.

ಈ ಬಜಾರಿನಲ್ಲಿ ಅಂಥ ಮುದಿ ಆನೆಯೊಂದರ ಯಜಮಾನರು ನಮಗೆ ಪರಿಚಿತರು. ಬೀದರಿನ ಕಡೆಯವರು, ನಾವು ಕಾಕಾ ಎನ್ನುತ್ತೇವೆ. ಉದ್ದು, ಕಡಲೆ, ತೊಗರಿ ಇಳಿಸಿಕೊಂಡು ಸುತ್ತಣ ಕಿರಾಣಿ ಅಂಗಡಿಗಳಿಗೆ ಮುಟ್ಟಿಸುವುದು ಅವರ ಕಸುಬು. ನಾವು ಹೋದಾಗ ಅವರು ಒಂದು ಕಾಗದವನ್ನು ಮುಂದೆ ಚಾಚಿ, "ನೀವು ಕಚೇರಿ ಮಂದಿ, ಓದಿ ಹೇಳ್ರಿ ತಮ್ಮಾ. ಗಾಡಿ ಬೆಲಿ ಹೆಚ್ಚೋ, ಅದರ ಸರ್ಟಿಫಿಕೇಟಿನ ಬೆಲಿ ಹೆಚ್ಚೋ?" ಎಂದರು.

ಕಾಗದ ಓದುವುದು ನಮ್ಮ ವೃತ್ತಿಯೇ. ಬಾಡಿಗೆಯ ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅಲ್ಲಿಂದ ಮುಂದೆ ವರ್ಷವರ್ಷವೂ ಅರ್ಹತಾಪತ್ರ ಬೇಕು. 2021ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಅಧಿಸೂಚನೆ, 15 ವರ್ಷ ದಾಟಿದ ಲಘು ಗಾಡಿಗೆ 7,500 ರೂಪಾಯಿ, ದೊಡ್ಡ ಲಾರಿಗೆ 12,500 ಎಂದಿತು. 2025ರ ನವೆಂಬರಿನದು 20 ದಾಟಿದವುಗಳಿಗೆ ಕ್ರಮವಾಗಿ 15,000 ಮತ್ತು 25,000 ಎಂದು ಬರೆಯಿತು. ವರ್ಷಕ್ಕೆ 300 ದಿನ ದುಡಿದರೂ ಕಾಕಾನ ಆನೆಗೆ ದಿನಕ್ಕೆ 50 ರೂಪಾಯಿಯ ಮೇವು ಹೆಚ್ಚಾಯಿತು. ಟೈರು, ವಿಮೆ, ರಿಪೇರಿ ಬೇರೆ.

ಹೊಗೆಯ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಹಳೆಯ ಡೀಸೆಲ್ ಎಂಜಿನಿನ ಮಸಿ ಪುಪ್ಪುಸಕ್ಕೆ ಇಳಿಯುವ ಜಾತಿಯದು. ಬಿಎಸ್-6 ನಿಯಮ ಬಂದ 2020ರ ಏಪ್ರಿಲಿನಿಂದ ಬಂಕಿನ ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲಿಗೆ ಇಳಿದಿದೆ. ಬಿಎಸ್-2 ಕಾಲದಲ್ಲಿ ಅದು 500 ಇತ್ತು. ಅಂದರೆ ಮುದಿ ಗಾಡಿಯೂ ಈಗ ಕುಡಿಯುವುದು ಶುದ್ಧವಾದುದನ್ನೇ. ಆದರೆ ಮಸಿ ಹಿಡಿಯುವ ಜಾಲರಿ ಹೊಸ ಗಾಡಿಗಿದೆ, ಹಳೆಯದಕ್ಕಿಲ್ಲ. ಆ ಮಸಿಯನ್ನು ಎಲ್ಲರಿಗಿಂತ ಹೆಚ್ಚು ನುಂಗುವವನು ಕಾರಿನ ಕಿಟಕಿ ಏರಿಸಿಕೊಂಡು ಹೋಗುವವನಲ್ಲ. ಗಾಡಿಯ ಹಿಂದೆ ನಿಂತು ಚೀಲ ಹೊರುವ ಹಮಾಲಿ.

ಲೋಕದ ದೊಡ್ಡ ಊರುಗಳು ಇದಕ್ಕೆ ಬೇರೆ ಬೇರೆ ದಾರಿ ಹಿಡಿದಿವೆ. ಲಂಡನ್ನಿನಲ್ಲಿ 2008ರಿಂದ ಕಡಿಮೆ ಹೊಗೆಯ ವಲಯವಿದೆ. 2019ರಲ್ಲಿ ಇನ್ನೂ ಕಟ್ಟುನಿಟ್ಟಿನದೊಂದು ನಡುಪೇಟೆಯಲ್ಲಿ ಶುರುವಾಗಿ, 2023ರ ಆಗಸ್ಟ್ 29ರಂದು ನಗರದ ತುಂಬ ಹಬ್ಬಿತು. ನಿಯಮಕ್ಕೆ ಹೊಂದದ ಕಾರು, ಸಣ್ಣ ವ್ಯಾನು ಓಡಿದ ದಿನಕ್ಕೆ ಹನ್ನೆರಡೂವರೆ ಪೌಂಡು. ನಮ್ಮ ಹಣದಲ್ಲಿ ಸಾವಿರಕ್ಕೂ ಮೇಲೆ. ಕಾಕಾ ಕೇಳಿದರೆ ಮೂರ್ಛೆ ಹೋದಾರು. ಆದರೆ ಒಂದು ಸೂಕ್ಷ್ಮವಿದೆ. ಅಲ್ಲಿ ಗಾಡಿ ಹೊರಗೆ ತೆಗೆಯದ ದಿನ ಕಾಸಿಲ್ಲ. ಹಳೆಯ ವ್ಯಾನನ್ನು ಗುಜರಿಗೆ ಹಾಕುವ ಸಣ್ಣ ವ್ಯಾಪಾರಿಗೆ ಕೆಲಕಾಲ ಸಹಾಯಧನವೂ ಇತ್ತು. ದಿಲ್ಲಿ ವಯಸ್ಸಿನ ದಾರಿ ಹಿಡಿಯಿತು: 10 ವರ್ಷ ಮೀರಿದ ಡೀಸೆಲ್ ಗಾಡಿ ಓಡಬಾರದೆಂಬ ಆಜ್ಞೆಯನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥವಕ್ಕೆ ಎಣ್ಣೆ ಹಾಕಬೇಡಿರೆಂದು ಹೊರಟವರು ಕೆಲವೇ ದಿನಗಳಲ್ಲಿ ಹಿಂದೆಗೆದರು.

ಹೈದರಾಬಾದಿನಲ್ಲಿ ಅಂಥ ಗಡಿರೇಖೆ ಇಲ್ಲ. ಚಾರ್‌ಮಿನಾರಿನ ಸುತ್ತ ಕಲ್ಲುಹಾಸು ಹಾಕಿ ಗಾಡಿಗಳನ್ನು ಹೊರಗಿಟ್ಟಿದ್ದಾರೆ, ಅಷ್ಟೆ. ಇಲ್ಲಿ ಗೆರೆ ಎಳೆದಿರುವುದು ನೆಲದ ಮೇಲಲ್ಲ, ರಶೀದಿಯ ಮೇಲೆ. ದಿನಕ್ಕೆ 200 ಕಿಲೋಮೀಟರು ಓಡುವ ಗಾಡಿಗೂ, ಉಸ್ಮಾನಗಂಜಿನಿಂದ ಕಾಚಿಗುಡದವರೆಗೆ ನಾಲ್ಕು ಸಲ ಹೋಗಿ ಬರುವ ಕಾಕಾನ ಗಾಡಿಗೂ ವಯಸ್ಸು ಒಂದೇ ಆದರೆ ಶುಲ್ಕವೂ ಒಂದೇ. ಕಡಿಮೆ ಓಡಿ ಕಡಿಮೆ ಹೊಗೆ ಬಿಡುವವನ ಮೇಲೆ ಹೊರೆ ಹೆಚ್ಚು ಬೀಳುತ್ತದೆ. ಗುಮಾಸ್ತರಾದ ನಮಗೂ ಇದು ಸರಿಯೆನಿಸಲಿಲ್ಲ.

ಸರಕಾರ ಬರಿಯ ಕೋಲನ್ನೇ ಹಿಡಿದಿದೆ ಎನ್ನುವಂತಿಲ್ಲ. 2024ರ ನವೆಂಬರಿನಲ್ಲಿ ತೆಲಂಗಾಣ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎರಡನ್ನೂ 2026ರ ಕೊನೆಯವರೆಗೆ ಮನ್ನಾ ಮಾಡಿತು. ವಿದ್ಯುತ್ತಿನ ಸರಕುಗಾಡಿಗಳು ಬಜಾರಿನಲ್ಲಿ ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುತ್ತವೆ. ನಾವೇ ಒಮ್ಮೆ ಬೆಚ್ಚಿದೆವು. ಆದರೆ ಮನ್ನಾ ದೊರೆಯುವುದು ಗಾಡಿ ಕೊಂಡವನಿಗೆ. ಕೊಳ್ಳಲು ಮುಂಗಡ ಬೇಕು, ಸಾಲಕ್ಕೆ ಜಾಮೀನು ಬೇಕು. ಕಾಕಾನ ಲೆಕ್ಕ ಇರುವುದೆಲ್ಲ ಕೆಂಪು ಬಟ್ಟೆಯ ವಹಿಯಲ್ಲಿ. ಬ್ಯಾಂಕಿನವರು ಕೇಳುವುದು ತೆರಿಗೆಯ ಕಾಗದ.

ಕಾಕಾನ ಮಗ ಚುರುಕಿನ ಹುಡುಗ. ಹೊಸ ಗಾಡಿಯೇ ಬೇಕೆಂದು ಹಟ ಹಿಡಿದಿದ್ದಾನೆ. "ಅಪ್ಪಾ, ಡೀಸೆಲ್ ರೊಕ್ಕದಾಗೇ ಕಂತು ತೀರತದ" ಎಂದು ಅವನ ವಾದ. "ತೀರತದೋ ಏನೋ! ರಾತ್ರಿ ಅದಕ್ಕ ಕರೆಂಟ್ ಎಲ್ಲಿಂದ ಕುಡಸ್ತಿ?" ಎಂದು ಕಾಕಾನ ಪ್ರಶ್ನೆ. ಪ್ರಶ್ನೆ ಸಾಮಾನ್ಯದ್ದಲ್ಲ. ಗೋದಾಮು ಬಾಡಿಗೆಯದು, ನಾಲ್ಕು ಅಂಗಡಿಗೆ ಒಂದೇ ಮೀಟರು, ಗಾಡಿ ನಿಲ್ಲುವುದು ಓಣಿಯ ತಿರುವಿನಲ್ಲಿ. ಮಹಡಿಯಿಂದ ತಂತಿ ಇಳಿಬಿಟ್ಟರೆ ಹಮಾಲಿಗಳ ತಲೆಗೆ ತಾಗುತ್ತದೆ.

ಹುಡುಗ ಈಗ ಬೇರೆ ಮೀಟರಿಗಾಗಿ ಗೋದಾಮಿನ ಮಾಲೀಕರ ಹಿಂದೆ ಬಿದ್ದಿದ್ದಾನೆ. ಅರ್ಜಿಯನ್ನು ನಾವೇ ಬರೆದುಕೊಟ್ಟೆವು. ಮಾಲೀಕರು ದೀಪಾವಳಿ ಕಳೆಯಲಿ ಎಂದಿದ್ದಾರೆ. ಮುದಿ ಆನೆಯ ಅರ್ಹತಾಪತ್ರ ಫೆಬ್ರವರಿಯವರೆಗೆ ಇದೆ.